ನಮ್ಮೂರಿಗೆ ಅದು ಬೇಡ ಸಾರ್!

ಶಿವಮೊಗ್ಗದಲ್ಲಿ ಒಂಟಿತನ ಕಾಡುವವರಿಗೆ ಒಂದು ಉಪಾಯ ಇದೆ. ಬಿ.ಎಚ್. ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿ, ಅಷ್ಟೇ ಸಾಕು. ಎರಡು ನಿಮಿಷದಲ್ಲಿ ನಾಲ್ಕು ತಲೆ ಒಳಗೆ ಬಗ್ಗಿರುತ್ತವೆ. ಸ್ವಲ್ಪ ಹಬೆಯೂ ಬರುತ್ತಿದ್ದರೆ ಸಭೆಗೆ ಕೋರಂ ಗ್ಯಾರಂಟಿ. ಒಬ್ಬರು "ಬೆಲ್ಟ್ ಹೋಗಿದೆ" ಅಂತಾರೆ. ಇನ್ನೊಬ್ಬರು "ಫ್ಯಾನ್ ತಿರುಗ್ತಾ ಇಲ್ಲ ಮಾರಾಯ್ರೆ" ಅಂತಾರೆ. ಕಂಕುಳಲ್ಲಿ ಪೇಪರ್ ಇಟ್ಟುಕೊಂಡು ವಾಕಿಂಗ್ ಹೊರಟ ರಿಟೈರ್ಡ್ ಮೇಷ್ಟ್ರೊಬ್ಬರು ಒಂದು ಗಳಿಗೆ ನಿಂತು, "ಹೆಡ್ ಗ್ಯಾಸ್ಕೆಟ್ಟೇ ಹೋಗಿರಬೇಕು, ದೊಡ್ಡ ಖರ್ಚು" ಎಂದು ಶ್ರದ್ಧಾಂಜಲಿ ಸಲ್ಲಿಸಿ ಮುಂದೆ ನಡೆಯುತ್ತಾರೆ. ಆ ಸಭೆಯಲ್ಲಿ ಯಾರೂ ಹೆಸರೆತ್ತದ ಸಾಮಾನು ಒಂದೇ ಒಂದು: ಥರ್ಮೋಸ್ಟಾಟ್ ವಾಲ್ವ್.

ಹೆಸರೆತ್ತದಿರಲು ಕಾರಣವಿದೆ. ಆ ಕಾರಿನಲ್ಲಿ ಅದು ಇರುವುದೇ ಇಲ್ಲ. ಯಾವತ್ತೋ ಯಾರೋ ಬಿಚ್ಚಿ ಎಸೆದಿರುತ್ತಾರೆ.

ಎಸೆಯುವ ಮುನ್ನ ಹೇಳುವ ಮಂತ್ರವೊಂದಿದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೇಳಿದರೂ ಅದೇ, ಭದ್ರಾವತಿಯ ರಂಗಪ್ಪ ಸರ್ಕಲ್ ಹತ್ತಿರ ಕೇಳಿದರೂ ಅದೇ: "ನಮ್ಮೂರಿಗೆ ಅದು ಬೇಡ ಸಾರ್. ಚಳಿ ದೇಶದೋರಿಗೆ ಮಾಡಿದ್ದು." ತುಂಗೆಯ ನೀರು ಹೆಚ್ಚೋ ಭದ್ರೆಯ ನೀರು ಹೆಚ್ಚೋ ಎಂದು ಜಗಳಕ್ಕೆ ನಿಲ್ಲುವ ಈ ಎರಡೂ ಊರಿನವರು ಈ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು. ಮಂತ್ರ ಮುಗಿದ ಮೇಲೆ ವಾಲ್ವ್ ಹಳೇ ಬೇರಿಂಗು, ತುಕ್ಕು ಹಿಡಿದ ನಟ್ಟುಗಳ ಟ್ರೇಗೆ ಠಣ್ ಎಂದು ಬೀಳುತ್ತದೆ. ಅಲ್ಲಿಗೆ ಅದರ ಜನ್ಮ ಮುಗಿಯಿತು.

ಸರಿ, ಚಳಿ ದೇಶದ ಲೆಕ್ಕವನ್ನೇ ಮಾಡೋಣ ಬನ್ನಿ. ಎಂಜಿನ್ನಿನೊಳಗಿನ ನೀರು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಬೇಕು ಎಂದು ಅದನ್ನು ಮಾಡಿದವರೇ ಇಟ್ಟುಕೊಂಡಿದ್ದಾರೆ. ಆ ಬಿಸಿ ಬಂದ ಮೇಲೇ ಆಯಿಲ್ ಹದವಾಗಿ ತೆಳುವಾಗುವುದು, ಪಿಸ್ಟನ್ನು ಸಿಲಿಂಡರಿಗೆ ಸರಿಯಾಗಿ ಕೂರುವುದು, ಪೆಟ್ರೋಲು ಪೂರ್ತಿ ಉರಿಯುವುದು. ಈಗ ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನ ನೆನಪಿಸಿಕೊಳ್ಳಿ. 37 ಡಿಗ್ರಿ. ನೆಹರೂ ರಸ್ತೆಯಲ್ಲಿ ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ದಾಟುವಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತದೆ. ಎಂಜಿನ್ನಿಗೋ, ಅದಕ್ಕೆ ಬೇಕಾದ್ದಕ್ಕಿಂತ ಐವತ್ತಕ್ಕೂ ಹೆಚ್ಚು ಡಿಗ್ರಿ ಕಡಿಮೆ! ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಇದ್ದರೆ 75 ಕಡಿಮೆ. ಸ್ವಿಟ್ಜರ್ಲೆಂಡಿನಲ್ಲಿ ಸೊನ್ನೆ ಇದ್ದರೆ 90 ಕಡಿಮೆ. ವ್ಯತ್ಯಾಸ ಎಷ್ಟಾಯಿತು ನೀವೇ ಕಳೆಯಿರಿ. ಎಂಜಿನ್ನಿನ ಪಾಲಿಗೆ ಗೋಪಿ ಸರ್ಕಲ್ಲೂ ಚಳಿ ದೇಶವೇ ಸ್ವಾಮಿ. ಅದು ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ಈ ವಾಲ್ವ್ ಮಾಡುವ ಕೆಲಸ ಸರಳ. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮುಚ್ಚಿಕೊಂಡಿರುತ್ತದೆ. ನೀರು ಎಂಜಿನ್ನಿನೊಳಗೇ ಸುತ್ತು ಹಾಕುತ್ತಿರುತ್ತದೆ, ರೇಡಿಯೇಟರ್ ಕಡೆ ಹೋಗಲು ಬಿಡುವುದಿಲ್ಲ. ವಾಲ್ವಿನ ಮೈಮೇಲೆ 82 ಅಂತಲೋ 88 ಅಂತಲೋ ಒಂದು ನಂಬರ್ ಒತ್ತಿರುತ್ತಾರೆ. ನೀರು ಆ ಡಿಗ್ರಿ ಮುಟ್ಟಿದಾಗ ಮೆಲ್ಲಗೆ ಬಾಯಿ ಬಿಡುತ್ತದೆ, ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರಿದರೆ ಪೂರ್ತಿ ತೆರೆಯುತ್ತದೆ. ಆಗುಂಬೆ ಘಾಟಿ ಹತ್ತುವಾಗ ಪೂರ್ತಿ ತೆರೆದುಕೊಂಡದ್ದು ಇಳಿಯುವಾಗ ಮತ್ತೆ ಅರ್ಧ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕರೆಂಟಿಲ್ಲ, ವೈರಿಲ್ಲ, ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಹಿತ್ತಾಳೆಯ ಪುಟ್ಟ ಬಟ್ಟಲಿನೊಳಗೆ ಮೇಣ ತುಂಬಿರುತ್ತಾರೆ. ಮೇಣ ಕರಗಿದರೆ ಹಿಗ್ಗುತ್ತದೆ, ಹಿಗ್ಗಿದರೆ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ತಳ್ಳಿದರೆ ಬಾಗಿಲು ತೆರೆಯುತ್ತದೆ. ಮೇಣ ಆರಿತೋ, ಸ್ಪ್ರಿಂಗು ಬಾಗಿಲನ್ನು ಎಳೆದು ಹಾಕುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವರ್ನೆ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಬಹುಪಾಲು ಕಾರುಗಳ ಒಳಗೆ ಅದೇ ಮೇಣ, ಅದೇ ಕಡ್ಡಿ.

ಇದನ್ನು ಕಿತ್ತು ಹಾಕಿದರೆ ಬಾಗಿಲೇ ಇಲ್ಲದ ಮನೆ. ಸ್ಟಾರ್ಟ್ ಮಾಡಿದ ಕ್ಷಣದಿಂದ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ವಿನೋಬನಗರದಿಂದ ದುರ್ಗಿಗುಡಿಗೆ ಸೊಪ್ಪು ತರಲು ಹೋಗುವ ನಮ್ಮ ಘನ ಪ್ರವಾಸಗಳಲ್ಲಿ ಎಂಜಿನ್ ಬಿಸಿಯಾಗುವ ಮಾತೇ ಇಲ್ಲ. ಈಗಿನ ಗಾಡಿಗಳಲ್ಲಿ ಒಂದು ಸೆನ್ಸರ್ ಕೂತಿರುತ್ತದೆ. ನೀರು ತಣ್ಣಗಿದೆ ಎಂದು ಅದು ವರದಿ ಒಪ್ಪಿಸಿದರೆ, ಎಂಜಿನ್ ಕಂಪ್ಯೂಟರು "ಪಾಪ, ಇನ್ನೂ ಈಗ ಎದ್ದಿದೆ" ಎಂದುಕೊಂಡು ಪೆಟ್ರೋಲು ಸ್ವಲ್ಪ ಧಾರಾಳವಾಗಿಯೇ ಸುರಿಯುತ್ತದೆ. ಕೆಲವು ದಿನ ಕಾದು ನೋಡಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವನ್ನೂ ಹಚ್ಚುತ್ತದೆ. ಸ್ಕ್ಯಾನರ್ ಚುಚ್ಚಿ ನೋಡಿದರೆ ಪಿ0128 ಎಂಬ ಕೋಡ್. ಅಂದರೆ ನೀರು ಥರ್ಮೋಸ್ಟಾಟಿನ ಮಟ್ಟಕ್ಕೆ ಏರುತ್ತಿಲ್ಲ ಎಂಬ ದೂರು. ನಮ್ಮವರು ಏನು ಮಾಡುತ್ತಾರೆ ಗೊತ್ತಲ್ಲ? "ದೀಪ ಆರಿಸಿ ಕೊಡಿ, ಸಾಕು" ಅಂತಾರೆ. ಆಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಂತು ಸರ್ಕಾರವನ್ನು ಬೈಯುತ್ತಾರೆ.

ಇನ್ನೂ ತಮಾಷೆ ಇದೆ. ಎಷ್ಟೋ ಎಂಜಿನ್ನುಗಳಲ್ಲಿ ಈ ವಾಲ್ವಿಗೆ ಕೆಳಗೊಂದು ಎರಡನೇ ತಟ್ಟೆ ಇರುತ್ತದೆ. ಮೇಲಿನ ಬಾಗಿಲು ತೆರೆದಾಗ ಅದು ಅಡ್ಡದಾರಿಯನ್ನು, ಅಂದರೆ ಬೈಪಾಸನ್ನು ಮುಚ್ಚುತ್ತದೆ. ವಾಲ್ವ್ ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೂ ನೋಡದೆ ನೇರ ಎಂಜಿನ್ನಿಗೇ ವಾಪಸ್. ಮನೆಮಂದಿಯನ್ನೆಲ್ಲ ತುಂಬಿಕೊಂಡು, ಎ.ಸಿ. ಹಾಕಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಹೀಟ್ ಆಗಬಾರದೆಂದು ಕಿತ್ತ ಗಾಡಿಯೇ ಹೀಟ್ ಆಗಿ ನಿಲ್ಲುವುದು ಹೀಗೆ.

ಹಾಗಂತ ಹಳೇ ಮೇಸ್ತ್ರಿಗಳನ್ನು ಪೂರ್ತಿ ದೂರಲಾರೆ. ಅಂಬಾಸಿಡರ್, ಪದ್ಮಿನಿ, ಜೀಪುಗಳ ಕಾಲದಲ್ಲಿ ರೇಡಿಯೇಟರಿಗೆ ಹಾಕುತ್ತಿದ್ದದ್ದು ಹೊಂಡದ ನೀರು, ಬಾವಿ ನೀರು, ಸಿಕ್ಕಿದ ನೀರು. ಒಳಗೆ ಬೀಡು ಕಬ್ಬಿಣ. ತುಕ್ಕು ಬಂದು, ಕೆಸರಾಗಿ, ವಾಲ್ವಿನ ಬಾಯಿ ಕಚ್ಚಿಕೊಂಡುಬಿಡುತ್ತಿತ್ತು. ಕಚ್ಚಿಕೊಂಡ ವಾಲ್ವ್ ಇಟ್ಟುಕೊಂಡರೆ ಎಂಜಿನ್ ಕೈಕೊಡುತ್ತದೆ. ಬದಲಿಗೆ ಹೊಸದು ತರೋಣವೆಂದರೆ ಬೆಂಗಳೂರಿಗೆ ಹೇಳಿ ಕಳಿಸಬೇಕು. ಕಾರ್ಬುರೇಟರಿಗೆ ಸೆನ್ಸರ್ ಇಲ್ಲ, ದೂರು ಕೊಡುವವರಿಲ್ಲ. ಕಿತ್ತು ಎಸೆದದ್ದು ಆ ಕಾಲಕ್ಕೆ ಜಾಣತನವೇ. ಗಾಡಿ ಬದಲಾಯಿತು, ಹುಡುಗರು ಬದಲಾದರು, ಮಂತ್ರ ಮಾತ್ರ ಗುರುಗಳಿಂದ ಶಿಷ್ಯರಿಗೆ ಇಳಿದು ಬಂತು. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ವಾಹನಗಳ ಭಾಗಗಳನ್ನೇ ಎರಕ ಹೊಯ್ಯುವ ಊರಲ್ಲಿ ಈ ಮಂತ್ರ ಇನ್ನೂ ನಡೆಯುತ್ತಿದೆ ಎನ್ನುವುದೇ ಮಜ.

ಈಗ ನಮ್ಮ ಭಾವನ ವಿಷಯಕ್ಕೆ ಬರುತ್ತೇನೆ. ಭದ್ರಾವತಿಯ ನ್ಯೂಟೌನಿನವರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆ ಊರಿನ ಹಳೇ ಹೆಸರೇ ಬೆಂಕಿಪುರ, ಅದರ ಮೇಲೆ 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆ. ಬಿಸಿಯ ವಿಷಯದಲ್ಲಿ ಭದ್ರಾವತಿಯವರಿಗೆ ಯಾರೂ ಪಾಠ ಹೇಳುವಂತಿಲ್ಲ. "ನಾವು ಸಾವಿರದ ನಾನ್ನೂರು ಡಿಗ್ರಿಯ ಹರಿಯೋ ಕಬ್ಬಿಣ ನೋಡಿದೋರು ಕಣಯ್ಯ. ನಿನ್ನ ಈ ತೊಂಬತ್ತು ಡಿಗ್ರಿ ನಮಗೆ ಕಾಫಿಗೂ ಸಾಲಲ್ಲ" ಅನ್ನುವುದು ಅವರ ಪಲ್ಲವಿ. ಆದರೆ ಅವರ ಸೆಕೆಂಡ್‌ಹ್ಯಾಂಡ್ ಕಾರು ಮಾತ್ರ ಆ ತೊಂಬತ್ತನ್ನೂ ಮುಟ್ಟುತ್ತಿರಲಿಲ್ಲ. ಮುಳ್ಳು ಕೆಳಗೇ ಮಲಗಿರುತ್ತಿತ್ತು. ಮೈಲೇಜ್ ಇಳಿದಿತ್ತು. ಮಳೆಗಾಲದಲ್ಲಿ ತೀರ್ಥಹಳ್ಳಿಗೆ ಹೊರಟಾಗ ಗಾಜೆಲ್ಲ ಮಂಜು ಕಟ್ಟಿ, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬಂತು. ದಾರಿಯುದ್ದಕ್ಕೂ ಅಕ್ಕ ಸೆರಗಿನಿಂದ ಗಾಜು ಒರೆಸಿದ್ದಾಳೆ. ಮಲೆನಾಡಿನಲ್ಲಿ ಹೀಟರ್ ಯಾಕೆ ಬೇಕು ಅನ್ನುವವರು ಜುಲೈ ತಿಂಗಳಲ್ಲಿ ಒಮ್ಮೆ ಮಂಡಗದ್ದೆ ದಾಟಿ ನೋಡಲಿ.

"ಭಾವ, ವಾಲ್ವ್ ಇದೆಯೋ ಇಲ್ಲವೋ ನೋಡಿದೀರಾ?" ಅಂದೆ.

"ನೋಡೋದೇನು, ಬಿಚ್ಚೇ ಬಿಡೋಣ" ಅಂದರು.

ಬಿಚ್ಚದೆಯೂ ತಿಳಿಯುವ ದಾರಿ ಇದೆ. ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಮುಟ್ಟುತ್ತಿರಿ, ಫ್ಯಾನಿನಿಂದ ಕೈ ದೂರ ಇರಲಿ. ವಾಲ್ವ್ ಸರಿಯಿದ್ದರೆ ಕೆಲವು ನಿಮಿಷ ಪೈಪ್ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಮೊದಲಿನಿಂದಲೇ ಸೋಮಾರಿಯಂತೆ ಉಗುರು ಬೆಚ್ಚಗಾಗುತ್ತ ಬಂದರೆ ವಾಲ್ವ್ ಇಲ್ಲ, ಇಲ್ಲವೇ ಬಾಯಿ ತೆರೆದೇ ಕಚ್ಚಿಕೊಂಡಿದೆ. ಮುಳ್ಳು ಕೆಂಪು ಮುಟ್ಟಿದರೂ ಪೈಪ್ ತಣ್ಣಗಿದ್ದರೆ ಮುಚ್ಚಿಯೇ ಕಚ್ಚಿಕೊಂಡಿರುವ ಅನುಮಾನ. ಆಗ ಗಾಡಿ ಆಫ್ ಮಾಡಿ, ಮನೆಗೆ ಆಟೋ ಹತ್ತಿ.

ಭಾವನ ಗಾಡಿಯ ಹೌಸಿಂಗ್ ಬಿಚ್ಚಿದರೆ ಒಳಗೆ ಬಟಾಬಯಲು. ಹಿಂದಿನ ಮಾಲೀಕರ ಕಾಲದ ಮಂತ್ರದ ಮಹಿಮೆ. ಹೊಸ ವಾಲ್ವ್ ಕೊಳ್ಳಲು ಹೋದರೆ ಅಂಗಡಿಯವರು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, "ವಾಲ್ವಾ? ಯಾಕೆ ಸಾರ್? ಎಲ್ಲಾರೂ ತೆಗೆಸ್ತಾರೆ, ನೀವು ಹಾಕಿಸ್ತೀರಾ?" ಎಂದರು. ಗಾಡಿಯ ಮಾಡೆಲ್, ವರ್ಷ ಹೇಳಿ, ಅದರದ್ದೇ ಡಿಗ್ರಿಯದನ್ನು ಕೇಳಿ ತಂದೆವು. 88 ಇರುವ ಜಾಗಕ್ಕೆ 82 ಹಾಕಿದರೆ ಇನ್ನೂ ತಂಪು ಅಲ್ಲವೇ ಎಂದು ಜಾಣತನ ತೋರಿಸುವವರು ಇದ್ದಾರೆ. ಹಾಗೆ ಮಾಡಿದರೆ ನೀರು ಬೇಗ ರೇಡಿಯೇಟರಿಗೆ ಹೊರಡುತ್ತದೆ ಅಷ್ಟೇ. ರೇಡಿಯೇಟರೇ ಕಟ್ಟಿಕೊಂಡಿದ್ದರೆ ಘಾಟಿಯಲ್ಲಿ ಯಾವ ಡಿಗ್ರಿಯದೂ ಕಾಪಾಡುವುದಿಲ್ಲ.

ತಂದದ್ದನ್ನು ಹಾಗೆಯೇ ಹಾಕಲು ಭಾವ ಬಿಡಬೇಕಲ್ಲ! ಕಾರ್ಖಾನೆಯಲ್ಲಿ ಟೆಸ್ಟ್ ಆಗದ ಸಾಮಾನು ಒಳಗೆ ಹೋಗುತ್ತಿರಲಿಲ್ಲವಂತೆ. ಅಡುಗೆಮನೆಗೆ ನುಗ್ಗಿ ಹಾಲಿನ ಪಾತ್ರೆಗೆ ಕೈಹಾಕಿದರು. "ಅದು ಬೇಡ್ರೀ, ನಾಳೆ ಹಾಲು ಎಲ್ಲಿ ಕಾಯಿಸ್ಲಿ" ಎಂದು ಅಕ್ಕ ಅಡ್ಡ ಬಂದು, ಹಿಡಿ ಮುರಿದ ಹಳೇ ಪಾತ್ರೆಯೊಂದನ್ನು ಕೊಟ್ಟಳು. ಜೊತೆಗೆ ಜ್ವರ ನೋಡುವ ಥರ್ಮಾಮೀಟರನ್ನೂ ತಂದಿಟ್ಟಳು. ಅದು 42ಕ್ಕೇ ಕೈ ಎತ್ತುತ್ತದೆ, ಕುದಿಯುವ ನೀರಿಗಿಟ್ಟರೆ ಒಡೆಯುತ್ತದೆ ಎಂದು ಭಾವ ಅರ್ಧ ಗಂಟೆ ಭಾಷಣ ಮಾಡಿ, ಟ್ರಂಕಿನ ತಳದಿಂದ ಉದ್ದನೆಯ ಗಾಜಿನ ಥರ್ಮಾಮೀಟರ್ ಹೊರತೆಗೆದರು.

ಪರೀಕ್ಷೆ ಹೀಗೆ. ವಾಲ್ವಿನ ಬಾಯಿಯ ಸಂದಿಗೆ ಒಂದು ದಾರ ಸಿಕ್ಕಿಸಬೇಕು. ಮುಚ್ಚಿದ ಬಾಯಿ ದಾರವನ್ನು ಕಚ್ಚಿ ಹಿಡಿಯುತ್ತದೆ. ದಾರದಿಂದ ಅದನ್ನು ನೀರಿನೊಳಗೆ ತೂಗುಬಿಡಬೇಕು, ತಳಕ್ಕೆ ತಾಗಬಾರದು. ತಾಗಿದರೆ ಪಾತ್ರೆಯ ಬಿಸಿಯೇ ಸುಳ್ಳು ಹೇಳುತ್ತದೆ. ಭಾವ ಒಂದು ಚಮಚಕ್ಕೆ ದಾರ ಕಟ್ಟಿ ಪಾತ್ರೆಯ ಮೇಲೆ ಅಡ್ಡ ಇಟ್ಟರು. ಸ್ಟವ್ ಸಣ್ಣಗೆ. 60, 70, ಏನಿಲ್ಲ. 80ರಲ್ಲಿ ಪುಟ್ಟ ಗುಳ್ಳೆಗಳು ಹಿತ್ತಾಳೆಯ ಮೈಗೆ ಅಂಟಿಕೊಂಡವು. ಅಡುಗೆಮನೆಯಲ್ಲಿ ಸದ್ದಿಲ್ಲ, ಅಕ್ಕನೂ ಒಗ್ಗರಣೆ ನಿಲ್ಲಿಸಿ ಬಗ್ಗಿ ನೋಡುತ್ತಿದ್ದಾಳೆ. 88 ದಾಟಿ ಕೂದಲೆಳೆಯಷ್ಟು ಮುಂದೆ ಹೋಯಿತೋ ಇಲ್ಲವೋ, ದಾರ ಸಡಿಲಾಗಿ ವಾಲ್ವ್ ಟಪ್ ಎಂದು ತಳಕ್ಕೆ ಬಿತ್ತು. "ಪಾಸ್!" ಎಂದು ಭಾವ ಕೂಗಿದ್ದು ಕ್ವಾರ್ಟರ್ಸಿನ ಮೂರನೇ ಮನೆಗೂ ಕೇಳಿರಬೇಕು. ನೀರು ಹಾಗೇ ಕಾಯುತ್ತಾ ಹೋದಂತೆ ಬಾಯಿ ಅಗಲವಾಗಿ ತೆರೆಯಿತು. ನಮ್ಮ ಕಡೆ ನೀರು 98ರ ಹತ್ತಿರವೇ ಕುದಿಯುತ್ತದೆ. ಸಮುದ್ರಕ್ಕಿಂತ ಐನೂರು ಮೀಟರಿಗೂ ಮೇಲಿದ್ದೇವಲ್ಲ! ಈ ಪರೀಕ್ಷೆಗೆ ಅಷ್ಟು ಸಾಕು. ಪಾತ್ರೆ ಮತ್ತೆ ಅಡುಗೆಗೆ ಬರಲಿಲ್ಲ, ತುಳಸಿ ಗಿಡಕ್ಕೆ ನೀರು ಹಾಕಲು ಬಡ್ತಿ ಪಡೆಯಿತು.

ಹಾಕುವ ಕೆಲಸ ಅಷ್ಟೇನೂ ಬ್ರಹ್ಮವಿದ್ಯೆಯಲ್ಲ, ಕೆಲವು ಡೀಸೆಲ್ ಗಾಡಿಗಳಲ್ಲಿ ಮಾತ್ರ ವಾಲ್ವ್ ಪ್ಲಾಸ್ಟಿಕ್ ಹೌಸಿಂಗಿನ ಜೊತೆಗೇ ಇಡಿಯಾಗಿ ಬರುತ್ತದೆ, ಇಡಿಯಾಗಿಯೇ ಬದಲಿಸಬೇಕು. ಎಂಜಿನ್ ಪೂರ್ತಿ ಆರಿರಬೇಕು, ಇದರಲ್ಲಿ ರಾಜಿ ಇಲ್ಲ. ರೇಡಿಯೇಟರ್ ಮುಚ್ಚಳ ಅಂದರೆ ಕುಕ್ಕರಿನ ಮುಚ್ಚಳವೇ. ಒಳಗೆ ಒತ್ತಡ ಕಟ್ಟಿ ನೀರು ನೂರು ದಾಟಿದರೂ ಕುದಿಯದಂತೆ ಹಿಡಿದಿಡುತ್ತದೆ. ಬಿಸಿಯಲ್ಲಿ ತಿರುಗಿಸಿದರೆ ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಆರಿದ ಮೇಲೆ ಕೆಳಗಿನ ಡ್ರೈನ್ ಪ್ಲಗ್ಗಿನಿಂದ ನೀರಿಳಿಸಿ, ಕ್ಲಾಂಪ್ ಸರಿಸಿ ಹೋಸ್ ಕಿತ್ತು, ಹೌಸಿಂಗಿನ ಬೋಲ್ಟು ಬಿಚ್ಚಬೇಕು. ಹಳೇ ಗ್ಯಾಸ್ಕೆಟ್ ಕೆರೆಯುವಾಗ ಅಲ್ಯೂಮಿನಿಯಂ ಮೈಗೆ ಗೀರು ಬೀಳಬಾರದು. ವಾಲ್ವಿನ ತಟ್ಟೆಯ ಮೇಲೆ ಅಲುಗಾಡುವ ಪುಟ್ಟ ಪಿನ್ನಿನ ತೂತು ಇದ್ದರೆ ಅದು ಮೇಲ್ಗಡೆಗೆ ಬರಬೇಕು, ಸಿಕ್ಕಿಕೊಂಡ ಗಾಳಿ ಹೊರಡುವ ದಾರಿ ಅದು. ಸ್ಪ್ರಿಂಗ್ ಎಂಜಿನ್ ಕಡೆಗೆ. ಹೊಸ ಗ್ಯಾಸ್ಕೆಟ್ಟು ಇಟ್ಟು ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಇಲ್ಲೊಂದು ಪಿಡುಗು ಇದೆ, ಅನಾಬಾಂಡ್. ಅಂಟಿನ ಟ್ಯೂಬು ಕೈಗೆ ಸಿಕ್ಕರೆ ನಮ್ಮ ಹುಡುಗರು ಹೋಳಿಗೆಗೆ ತುಪ್ಪ ಬಡಿಸುವಂತೆ ಬಡಿಸುತ್ತಾರೆ. ಒಳಗೆ ಒತ್ತರಿಸಿದ ಅಂಟು ಒಣಗಿ, ಕಿತ್ತು, ತೇಲಿ ಹೋಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಗ್ಯಾಸ್ಕೆಟ್ಟೋ ರಬ್ಬರ್ ರಿಂಗೋ ಇರುವ ಕಡೆ ಅಂಟಿಗೆ ಏನು ಕೆಲಸ?

ಕೂಲೆಂಟಿನ ಅಧ್ಯಾಯ ಇನ್ನೂ ಸೊಗಸು. ಅಂಗಡಿಯಲ್ಲಿ ಮೊದಲ ಪ್ರಶ್ನೆ "ಯಾವ ಗಾಡಿ?" ಅಂತ ಇರಬೇಕಿತ್ತು. ಇರುವುದು "ಗ್ರೀನಾ, ರೆಡ್ಡಾ?" ಅಂತ. ಗಿರಾಕಿಯೂ ಅಷ್ಟೇ ಗಂಭೀರವಾಗಿ, "ರೆಡ್ ಒಳ್ಳೇದಾ?" ಅಂತ ಕೇಳುತ್ತಾನೆ. "ರೆಡ್ ಹೊಸ ಗಾಡಿಗೆ, ಗ್ರೀನ್ ಹಳೇದಕ್ಕೆ, ಬ್ಲೂ ಬೇಕಾದ್ರೆ ಸ್ವಲ್ಪ ಜಾಸ್ತಿ ಆಗುತ್ತೆ." ಇಬ್ಬರಿಗೂ ತೃಪ್ತಿ. ಬಣ್ಣ ಅಂದರೆ ಬರೀ ಬಣ್ಣ. ಸೋರಿದರೆ ಕಾಣಲಿ, ಒಂದನ್ನೊಂದು ಗುರುತಿಸಲಿ ಎಂದು ಕಂಪನಿಗಳು ತಮಗೆ ತೋಚಿದ್ದನ್ನು ಬೆರೆಸುತ್ತವೆ. ಒಬ್ಬರ ಕೆಂಪು ಇನ್ನೊಬ್ಬರ ಕೆಂಪಲ್ಲ.

ಬಣ್ಣದ ಕೆಳಗಿರುವುದು ಎಥಿಲೀನ್ ಗ್ಲೈಕಾಲ್, ನೀರು, ಮತ್ತೆ ತುಕ್ಕು ತಡೆಯುವ ಔಷಧಿ. ಭೇದ ಇರುವುದೆಲ್ಲ ಆ ಔಷಧಿಯಲ್ಲಿ. ಹಳೇ ಪದ್ಧತಿಯ ಸಿಲಿಕೇಟ್‌ಗಳು ಲೋಹಕ್ಕೆಲ್ಲ ಒಂದು ಪದರ ಹೊದಿಸುತ್ತವೆ. ಬೇಗ ಕೆಲಸ ಮಾಡುತ್ತವೆ, ಬೇಗ ಖರ್ಚಾಗುತ್ತವೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸಾವಯವ ಆಮ್ಲಗಳದ್ದು ನಿಧಾನ, ಬಾಳಿಕೆ ಐದು ವರ್ಷ. ಜಪಾನ್, ಕೊರಿಯಾದ ಗಾಡಿಗಳವರು ಆ ಆಮ್ಲಗಳ ಜೊತೆ ಫಾಸ್ಫೇಟ್ ಸೇರಿಸಿ ಸಿಲಿಕೇಟ್ ದೂರ ಇಡುತ್ತಾರೆ, ನೀರಿನ ಪಂಪಿನ ಸೀಲು ಸವೆಯುತ್ತದೆಂದು. ಯುರೋಪಿನವರು ತಿರುಗುಮುರುಗು: ಅವರ ನಲ್ಲಿ ನೀರು ಗಡಸು, ಫಾಸ್ಫೇಟ್ ಸೇರಿದರೆ ಗಟ್ಟಿ ಪದರ ಕಟ್ಟುತ್ತದೆಂದು ಅದನ್ನು ದೂರವಿಟ್ಟು ಸಿಲಿಕೇಟ್ ಸೇರಿಸುತ್ತಾರೆ. ಇಷ್ಟೆಲ್ಲ ಅಂಗಡಿಯಲ್ಲಿ ನಿಂತು ನೆನಪಿಟ್ಟುಕೊಳ್ಳಬೇಕಿಲ್ಲ. ಗ್ಲವ್ ಬಾಕ್ಸಿನಲ್ಲಿ ಕವರ್ ಕೂಡ ಒಡೆಯದೆ ಮಲಗಿರುವ ಪುಸ್ತಕ ಇದೆಯಲ್ಲ, ಅದರಲ್ಲಿ ಬರೆದಿರುತ್ತದೆ. ಡಬ್ಬಿಯ ಹಿಂದೆ ಐಎಸ್ 5759 ಅಂತಲೋ ಜೆಐಎಸ್ ಕೆ 2234 ಅಂತಲೋ ಇದೆಯಾ ನೋಡಿ. ಆ ಬರಹ ಓದಲು ಕನ್ನಡಕ ಬೇಕು, ಬಣ್ಣ ನೋಡಲು ಬೇಡ. ಜನ ಬಣ್ಣ ನೋಡುವುದು ಅದಕ್ಕೇ ಇರಬೇಕು.

ಹಸಿರಿದ್ದ ಕಡೆ ಅರ್ಧ ಲೀಟರ್ ಕೆಂಪು ಸುರಿಯುವವರಿಗೂ ಕೊರತೆಯಿಲ್ಲ. ತುಂಗೆ ಭದ್ರೆ ಸೇರಿದರೆ ಕೂಡ್ಲಿಯಲ್ಲಿ ಪುಣ್ಯಕ್ಷೇತ್ರವಾಗುತ್ತದೆ. ಕೂಲೆಂಟುಗಳ ಸಂಗಮದಲ್ಲಿ ಪುಣ್ಯವಿಲ್ಲ, ಔಷಧಿಗಳು ಒಂದನ್ನೊಂದು ಕೆಡಿಸಿಕೊಳ್ಳುತ್ತವೆ, ಕೆಲವೊಮ್ಮೆ ಲೋಳೆ ಕಟ್ಟುತ್ತವೆ. ಒಳಗಿರುವುದು ಏನೆಂದು ತಿಳಿಯದಿದ್ದರೆ ಪೂರ್ತಿ ಇಳಿಸಿ, ತೊಳೆದು, ಹೊಸದು ತುಂಬುವುದೇ ಸರಿ.

ಡಬ್ಬಿಯ ಮೇಲೆ ರೆಡಿ ಟು ಯೂಸ್ ಎಂದಿದ್ದರೆ ಹಾಗೇ ಸುರಿಯಿರಿ. ಕಾನ್ಸನ್ಟ್ರೇಟ್ ಎಂದಿದ್ದರೆ ನೀರು ಬೆರೆಸಬೇಕು. ಈಚೆಗೊಬ್ಬರು "ನಂದು ಪ್ಯೂರ್, ನೀರೇ ಹಾಕ್ಸಿಲ್ಲ" ಎಂದು ಹಾಲಿನ ವಿಷಯ ಹೇಳುವ ಹಾಗೆ ಹೆಮ್ಮೆಪಟ್ಟರು. ಬಿಸಿ ಹೊತ್ತು ಒಯ್ಯುವುದರಲ್ಲಿ ನೀರನ್ನು ಮೀರಿಸಿದ್ದು ಇಲ್ಲ, ಗ್ಲೈಕಾಲ್ ಅದರ ಮುಂದೆ ಮಂದ. ತಂಪು ಮಾಡುವುದು ನೀರೇ, ಗ್ಲೈಕಾಲ್ ಕುದಿಯುವ ಮಟ್ಟ ಏರಿಸಿ ಹೆಪ್ಪುಗಟ್ಟುವ ಮಟ್ಟ ಇಳಿಸುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ನೀರೇ ಬೆರೆಸದ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ! ಆಗುಂಬೆಯಲ್ಲಿ ಹಿಮ ಬೀಳುವ ತನಕ ನಮಗೆ ಈ ಲೆಕ್ಕದ ಚಿಂತೆಯಿಲ್ಲ. ನಮಗೆ ಬೇಕಿರುವುದು ತುಕ್ಕಿನ ಔಷಧಿ. ಹಾಗಾಗಿ ಮೂವತ್ತು ಪಾಲು ಕೂಲೆಂಟು, ಎಪ್ಪತ್ತು ಪಾಲು ನೀರು ಸಾಕು ಎನ್ನುವ ಕಂಪನಿಗಳೂ ಇವೆ. ಪುಸ್ತಕ ಹೇಳಿದಷ್ಟು ಹಾಕಿದರಾಯಿತು.

ಹೆಪ್ಪುಗಟ್ಟದ ನೀರಿನ ಕಥೆಗೂ ಭದ್ರಾವತಿಗೂ ದೂರದ ನಂಟೊಂದಿದೆ, ಭಾವನಿಗೆ ಇದನ್ನು ಹೇಳಿ ನಾನೇ ಕಷ್ಟಕ್ಕೆ ಸಿಕ್ಕಿಕೊಂಡೆ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬಂದ ಆ ಕಾರ್ಖಾನೆ ಮೊದಲು ಕಲ್ಲಿದ್ದಲಿನದಲ್ಲ, ಇದ್ದಿಲಿನದು. ಮಲೆನಾಡಿನ ಮರ ಸುಟ್ಟು ಇದ್ದಿಲು, ಕೆಮ್ಮಣ್ಣುಗುಂಡಿಯಿಂದ ಅದಿರು. ಮರ ಸುಡುವ ಹೊಗೆಯನ್ನೂ ಬಿಡದೆ ಭಟ್ಟಿ ಇಳಿಸಿ ಮರದ ಸ್ಪಿರಿಟ್ಟು, ಅಂದರೆ ಮೆಥನಾಲ್ ತೆಗೆಯುತ್ತಿದ್ದರು. ಅದೇ 1920ರ ದಶಕದಲ್ಲಿ ಚಳಿ ದೇಶದವರು ರೇಡಿಯೇಟರಿಗೆ ಹಾಕುತ್ತಿದ್ದದ್ದೂ ಮೆಥನಾಲನ್ನೇ. ಅದರ ದೋಷ ಏನೆಂದರೆ 65 ಡಿಗ್ರಿಗೇ ಕುದಿದು ಹಾರಿಹೋಗುತ್ತದೆ. ಆ ದಶಕದ ಕೊನೆಗೆ ಗ್ಲೈಕಾಲ್ ಬಂದು ಮೆಲ್ಲಮೆಲ್ಲಗೆ ಅದನ್ನು ಓಡಿಸಿತು. ಇಷ್ಟು ಕೇಳಿದ್ದೇ ತಡ, ಭಾವ "ಹಾಗಾದ್ರೆ ಕೂಲೆಂಟ್ ನಮ್ಮೂರಿಂದೇ ಅನ್ನು" ಎಂದುಬಿಟ್ಟರು. ಅಲ್ಲ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. 2023ರಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂದಾಗಿನಿಂದ ಆ ಊರಿನವರ ಮುಂದೆ ಇಂಥ ವಿಷಯದಲ್ಲಿ ವಾದ ಮಾಡಲು ನನಗೂ ಮನಸ್ಸಿಲ್ಲ.

ಬೆರೆಸಲು ನೀರು ಯಾವುದು ಎಂಬಲ್ಲಿ ಮತ್ತೆ ಯುದ್ಧ. ಗಂಗಾ ಸ್ನಾನ ತುಂಗಾ ಪಾನ ಎಂದಿದ್ದಾರೆ ಹಿರಿಯರು, ರೇಡಿಯೇಟರ್ ಪಾನ ಎಂದಿಲ್ಲ. ತುಂಗೆಯ ನೀರು ಕುಡಿಯಲು ಎಷ್ಟೇ ಸಿಹಿಯಿರಲಿ, ನಲ್ಲಿಗೆ ಬರುವಾಗ ಕ್ಲೋರಿನ್ ಹಾಕಿಸಿಕೊಂಡು ಬರುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಗೀಸರಿನ ಕಾಯಿಲ್ ಬಿಚ್ಚಿದಾಗ ಬಿಳೀ ಹೊಟ್ಟು ನೋಡಿದ್ದೀರಲ್ಲ, ಅದೇ ಎಂಜಿನ್ನಿನೊಳಗೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರು ಆ ಕ್ಯಾನಿನ ಮುಂದೆ ಚೌಕಾಸಿ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ.

ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗಿಟ್ಟು, ನಿಧಾನವಾಗಿ ಸುರಿದು, ಹೋಸ್ ಪೈಪನ್ನು ಹಿಂಡುತ್ತಿದ್ದರೆ ಗುಳುಗುಳು ಎಂದು ಗಾಳಿ ಹೊರಡುತ್ತದೆ. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ. ಫ್ಯಾನು ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಓಡಿಸಿ, ಆರಿಸಿ, ಮರುದಿನ ಬೆಳಗ್ಗೆ ಟ್ಯಾಂಕಿನ ಎರಡು ಗೆರೆಗಳ ನಡುವೆ ಇದೆಯಾ ನೋಡಿದರೆ ಮುಗಿಯಿತು. ಇಳಿಸಿದ ಹಳೇ ಕೂಲೆಂಟು ಸಿಹಿ ಇರುತ್ತದೆ, ವಿಷವೂ ಹೌದು. ಬೀದಿನಾಯಿ, ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ. ಅದನ್ನು ಅಂಗಳಕ್ಕೋ ಚರಂಡಿಗೋ ಬಿಡದೆ ಡಬ್ಬಿಯಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿ.

ಭಾವನ ಗಾಡಿಯ ಮುಳ್ಳು ಈಗ ಮಧ್ಯಕ್ಕೆ ಬಂದು ಕೂತಿದೆ. ಗೆದ್ದ ಹುರುಪಿನಲ್ಲಿ, ಇಷ್ಟು ವರ್ಷ ಮಂತ್ರ ಹೇಳುತ್ತ ಬಂದ ಪರಿಚಯದ ಮೇಸ್ತ್ರಿಯೊಬ್ಬರನ್ನು ಚಹಾದ ಅಂಗಡಿಯಲ್ಲಿ ಹಿಡಿದು ಕೆಣಕಿದೆ. "ನಿಜ ಹೇಳಿ, ನಿಮ್ಮ ಸ್ವಂತ ಗಾಡಿಯಲ್ಲಿ ವಾಲ್ವ್ ಇದೆಯೋ ಇಲ್ಲವೋ?"

"ಇದೆ ಸಾರ್, ಇಲ್ದೆ ಏನು?"

"ಮತ್ತೆ ನಮ್ಮದರದ್ದು ಯಾಕೆ ಕೀಳ್ತೀರಿ?"

ಅವರು ಚಹಾ ಆರಿಸಿಕೊಳ್ಳುತ್ತ ಹೇಳಿದರು: "ನೀವು ಬರ್ತೀರಾ. ಇವತ್ತೇ ಆಗ್ಬೇಕು ಅಂತೀರಾ, ಖರ್ಚು ಆಗ್ಬಾರ್ದು ಅಂತೀರಾ, ಇನ್ನೊಂದ್ಸಲ ಹೀಟ್ ಅಂತ ಬರೋ ಹಾಗೆ ಮಾಡ್ಬೇಡಿ ಅಂತೀರಾ. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡ್ಬೇಕು, ಎರಡು ದಿನ ಬಿಡಿ ಅಂದ್ರೆ ಪಕ್ಕದ ಗ್ಯಾರೇಜಿಗೆ ಹೋಗ್ತೀರಾ. ನನ್ನ ಗಾಡಿಗೆ ಅಂಥಾ ಗಿರಾಕಿ ಯಾರೂ ಇಲ್ವಲ್ಲ ಸಾರ್."

ಚಹಾದ ದುಡ್ಡು ನಾನೇ ಕೊಟ್ಟೆ.